ಲಿವರ್‌ನ ಲೆಕ್ಕ ಹಿಡಿದ ಕ್ಲೋಡ್ ಬರ್ನಾರ್

ಕ್ಲೋಡ್ ಬರ್ನಾರ್ ಪ್ಯಾರಿಸ್‌ಗೆ ಹೋದದ್ದು ವಿಜ್ಞಾನಿಯಾಗಲು ಅಲ್ಲ, ನಾಟಕಕಾರ ಆಗಲು. 1834ರಲ್ಲಿ, ಸುಮಾರು 21ನೆಯ ವಯಸ್ಸಿನಲ್ಲಿ, ಐದು ಅಂಕಗಳ ಒಂದು ಐತಿಹಾಸಿಕ ನಾಟಕವನ್ನು ಬರೆದುಕೊಂಡು ಆ ದೊಡ್ಡ ಊರಿಗೆ ಬಂದರು. ಅಲ್ಲಿ ಸೇಂಟ್ ಮಾರ್ಕ್ ಜಿರಾರ್ದಾಂ ಎಂಬ ಹೆಸರಾಂತ ವಿಮರ್ಶಕರಿಗೆ ಅದನ್ನು ತೋರಿಸಿದರು. ಹೊಟ್ಟೆಪಾಡಿಗೆ ಬೇರೆ ಏನಾದರೂ ಕಲಿತುಕೋ, ಔಷಧಿ ಅಂಗಡಿಯ ಅನುಭವ ಇದೆಯಲ್ಲ, ವೈದ್ಯಕೀಯ ಓದು ಎಂದು ವಿಮರ್ಶಕರು ಬುದ್ಧಿ ಹೇಳಿದರು. ಹುಡುಗ ಆ ಮಾತು ಕೇಳಿದ. ಕೇಳದೇ ಹೋಗಿದ್ದರೆ ಫ್ರಾನ್ಸಿಗೆ ಒಬ್ಬ ಸಾಧಾರಣ ನಾಟಕಕಾರ ಸಿಗುತ್ತಿದ್ದ, ಅಷ್ಟೆ.

ಈ ಮನುಷ್ಯನಿಗೂ ನಮಗೂ ಏನು ಸಂಬಂಧ? ನಮ್ಮ ಮನೆಗಳಲ್ಲಿ ಹಿರಿಯರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟ್ ಮಾಡಿಸುತ್ತಾರೆ. ರಾತ್ರಿ ಅನ್ನ ಬಿಟ್ಟು ಬರೀ ಒಂದು ರೊಟ್ಟಿ ತಿಂದು ಮಲಗಿದರೂ ಬೆಳಿಗ್ಗೆ ರೀಡಿಂಗ್ 160, 170 ಬರುತ್ತದೆ. ತಿನ್ನದೇ ಇದ್ದ ಸಕ್ಕರೆ ರಕ್ತಕ್ಕೆ ಎಲ್ಲಿಂದ ಬಂತು? ನಮ್ಮ ದಾದಿ ಇದೇ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದಾರೆ. ಯಾರೋ ಕದ್ದು ಸಿಹಿ ತಿಂದಿದ್ದೀರಿ ಎಂದು ಆರೋಪ ಹೊರಿಸಿದರೆ ಅವರಿಗೆ ಬಹಳ ಕೋಪ ಬರುತ್ತದೆ. ಕೋಪ ಬರುವುದು ನ್ಯಾಯವೇ. ಆ ಸಕ್ಕರೆ ಅಡುಗೆ ಮನೆಯಿಂದ ಬಂದದ್ದಲ್ಲ, ಅವರ ಲಿವರ್‌ನಿಂದ ಬಂದದ್ದು. ಲಿವರ್ ಸಕ್ಕರೆ ತಯಾರಿಸುತ್ತದೆ ಎಂದು ಪ್ರಪಂಚಕ್ಕೆ ಮೊದಲು ತೋರಿಸಿದವರು ಈ ಬರ್ನಾರ್.

ಅವರು ಹುಟ್ಟಿದ್ದು 1813ರ ಜುಲೈ 12ರಂದು, ಫ್ರಾನ್ಸಿನ ಲಿಯೋನ್ ನಗರಕ್ಕೆ ಉತ್ತರದಲ್ಲಿರುವ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ಅದು ದ್ರಾಕ್ಷಿ ತೋಟಗಳ ಸೀಮೆ. ತಂದೆಯೂ ದ್ರಾಕ್ಷಿ ಬೆಳೆಗಾರರೇ, ಆದರೆ ಕೈಯಲ್ಲಿ ಹಣ ನಿಲ್ಲದ ಸಂಸಾರ. ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದು. ಮುಂದೆ ಓದಿಸಲಾಗದೆ ಮಗನನ್ನು ಲಿಯೋನ್‌ನ ಒಬ್ಬ ಔಷಧಿ ವ್ಯಾಪಾರಿಯ ಬಳಿ ಕೆಲಸಕ್ಕೆ ಬಿಟ್ಟರು. ಬಾಟಲಿ ತೊಳೆಯುವುದು, ನೆಲ ಗುಡಿಸುವುದು, ಔಷಧಿ ಕಟ್ಟಿ ಮನೆಮನೆಗೆ ಮುಟ್ಟಿಸುವುದು.

ಆ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದದ್ದು ಥೇರಿಯಾಕ್ ಎಂಬ ಲೇಹ್ಯ. ನಮ್ಮ ಯುನಾನಿ ದವಾಖಾನೆಗಳಲ್ಲಿ ತಿರ್ಯಾಖ್ ಎನ್ನುತ್ತಾರಲ್ಲ, ಅದೇ ಗ್ರೀಕ್ ಮೂಲದ ಪದ. ಹತ್ತಾರು ಪದಾರ್ಥ ಸೇರಿಸಿ ಮಾಡುವ, ಎಲ್ಲ ಕಾಯಿಲೆಗೂ ಒಂದೇ ಎನ್ನುವ ಮದ್ದು. ಆದರೆ ಅಲ್ಲಿ ಕೆಟ್ಟುಹೋದ ಔಷಧಿ, ಉಳಿದ ಪುಡಿ ಏನಿದ್ದರೂ ಅದರ ಪಾತ್ರೆಗೆ ಹಾಕುತ್ತಿದ್ದರಂತೆ. ಗಿರಾಕಿಗಳು ಅದನ್ನೇ ಹೊಗಳಿಕೊಂಡು ಒಯ್ಯುತ್ತಿದ್ದರು. ಪರೀಕ್ಷೆ ಮಾಡಿ ನೋಡದೆ ಯಾವುದನ್ನೂ ನಂಬಬಾರದು ಎಂಬ ಅವರ ಗುಣಕ್ಕೆ ಬೀಜ ಬಿದ್ದದ್ದು ಆ ಅಂಗಡಿಯಲ್ಲೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಅಲ್ಲಿದ್ದಾಗಲೇ ಬರೆದ ಒಂದು ಚಿಕ್ಕ ಹಾಸ್ಯ ನಾಟಕ ಲಿಯೋನ್‌ನಲ್ಲಿ ಪ್ರದರ್ಶನವಾಗಿ ಅಷ್ಟೋ ಇಷ್ಟೋ ಹೆಸರು ಬಂತು. ಆ ಧೈರ್ಯದ ಮೇಲೆಯೇ ಅವರು ಪ್ಯಾರಿಸ್ ಗಾಡಿ ಹತ್ತಿದ್ದು.

ಮೆಡಿಕಲ್ ಕಾಲೇಜಿನಲ್ಲಿ ಬರ್ನಾರ್ ರ‍್ಯಾಂಕ್ ವಿದ್ಯಾರ್ಥಿ ಆಗಿರಲಿಲ್ಲ. ಆದರೆ ಕೈ ಮಾತ್ರ ಬಹಳ ಚುರುಕು. ಫ್ರಾನ್ಸ್ವಾ ಮಾಜಾಂದಿ ಎಂಬ ಪ್ರಾಧ್ಯಾಪಕರು ಅದನ್ನು ಗಮನಿಸಿ 1841ರಲ್ಲಿ ಕಾಲೇಜ್ ದ ಫ್ರಾನ್ಸ್‌ನಲ್ಲಿ ತಮ್ಮ ಸಹಾಯಕನನ್ನಾಗಿ ಮಾಡಿಕೊಂಡರು. 1843ರಲ್ಲಿ ಡಾಕ್ಟರ್ ಪದವಿ ಸಿಕ್ಕಿತು. ಮರುವರ್ಷ ಅಧ್ಯಾಪಕ ಹುದ್ದೆಯ ಸ್ಪರ್ಧಾ ಪರೀಕ್ಷೆಯಲ್ಲಿ ಫೇಲಾದರು. ಊರಿಗೆ ಹೋಗಿ ಹಳ್ಳಿ ಡಾಕ್ಟರ್ ಆಗುವ ಯೋಚನೆಯೂ ಬಂತು. 1845ರಲ್ಲಿ ಫ್ಯಾನಿ ಮಾರ್ಟಿನ್ ಎಂಬ ಪ್ಯಾರಿಸ್‌ನ ವೈದ್ಯರೊಬ್ಬರ ಮಗಳನ್ನು ಮದುವೆಯಾದರು. ವರದಕ್ಷಿಣೆ ಬಂತು, ಆ ಹಣದಿಂದ ಸಂಶೋಧನೆ ಮುಂದುವರಿಯಿತು. ಮಹಾಪುರುಷರ ಜೀವನಚರಿತ್ರೆಯಲ್ಲಿ ಇಂಥದ್ದನ್ನು ಹೇಳದೆ ದಾಟಿಸಿಬಿಡುತ್ತಾರೆ. ಆದರೆ ಬಂಡವಾಳ ಎಲ್ಲಿಂದ ಬಂತು ಎಂದು ಕೇಳುವುದು ಕಾಮರ್ಸ್ ಓದುವವರ ಅಭ್ಯಾಸ. ಇಲ್ಲಿ ಬಂಡವಾಳ ಹೆಂಡತಿಯದು.

ಅದೇ ಹೆಂಡತಿಗೆ ಗಂಡನ ಕೆಲಸ ಸಹಿಸಲಾಗಲಿಲ್ಲ. ಯಾಕೆಂದರೆ ಬರ್ನಾರ್ ಪ್ರಯೋಗ ಮಾಡುತ್ತಿದ್ದದ್ದು ಜೀವಂತ ನಾಯಿ, ಮೊಲಗಳ ಮೇಲೆ. ಪ್ರಾಣಿ ಬದುಕಿರುವಾಗಲೇ ಕೊಯ್ದು, ಒಳಗೆ ಏನು ನಡೆಯುತ್ತಿದೆ ಎಂದು ನೋಡುತ್ತಿದ್ದರು. ಒಂದು ಸಲ ಹೊಟ್ಟೆಗೆ ಬೆಳ್ಳಿಯ ನಳಿಕೆ ಹಾಕಿದ್ದ ನಾಯಿಯೊಂದು ತಪ್ಪಿಸಿಕೊಂಡು ಹೋಯಿತು. ಅದು ಆ ಪ್ರದೇಶದ ಪೊಲೀಸ್ ಅಧಿಕಾರಿಯ ನಾಯಿಯೇ ಆಗಿತ್ತು! ಬರ್ನಾರ್‌ಗೆ ಕರೆ ಬಂತು. ಅವರು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ನಳಿಕೆ ತೆಗೆದುಕೊಟ್ಟರು. ನಾಯಿ ಬದುಕಿತು, ಅಧಿಕಾರಿ ಸ್ನೇಹಿತನಾದ. ಕಥೆ ತಮಾಷೆಯಾಗಿದೆ, ಆದರೆ ಎಲ್ಲ ನಾಯಿಗಳಿಗೂ ಪೊಲೀಸ್ ಮಾಲೀಕ ಇರಲಿಲ್ಲ. ನಮಗೆ ಸಿಕ್ಕಿರುವ ತಿಳಿವಳಿಕೆ ಆ ಮೂಕ ಪ್ರಾಣಿಗಳ ನೋವಿನ ಮೇಲೆ ನಿಂತಿದೆ. ಇದನ್ನು ಬರ್ನಾರ್ ಎಷ್ಟೇ ಸಮರ್ಥಿಸಿಕೊಂಡರೂ ಫ್ಯಾನಿಯವರ ಸಂಕಟ ಸುಳ್ಳಲ್ಲ.

ಈಗ ಸಕ್ಕರೆಯ ವಿಷಯ. ಸಕ್ಕರೆ ತಯಾರಿಸುವುದು ಗಿಡಮರಗಳು ಮಾತ್ರ, ಪ್ರಾಣಿಗಳು ಅದನ್ನು ತಿಂದು ಖರ್ಚು ಮಾಡುತ್ತವೆ ಅಷ್ಟೇ ಎಂದು ಆ ಕಾಲದ ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ಹೇಳುತ್ತಿದ್ದರು. ಹಾಗಾದರೆ ರಕ್ತದಲ್ಲಿ ಸಕ್ಕರೆ ಕಂಡರೆ ಅದು ತಿಂದದ್ದೇ ಆಗಿರಬೇಕು. ಬರ್ನಾರ್ ಕೂಡ ಮೊದಲು ಹಾಗೇ ನಂಬಿದ್ದರು. ತಿಂದ ಸಕ್ಕರೆ ದೇಹದಲ್ಲಿ ಎಲ್ಲಿ ಖರ್ಚಾಗುತ್ತದೆ ಎಂದು ಹುಡುಕುವುದು ಅವರ ಉದ್ದೇಶ. ಅದು ಗೊತ್ತಾದರೆ ಸಕ್ಕರೆ ಕಾಯಿಲೆಯಲ್ಲಿ ಯಾಕೆ ಖರ್ಚಾಗುತ್ತಿಲ್ಲ ಎಂಬುದೂ ಗೊತ್ತಾಗುತ್ತದೆ ಎಂಬ ಆಸೆ.

1848ರಲ್ಲಿ ಅವರು ಒಂದು ನಾಯಿಗೆ ಸಿಹಿಯಾದ, ಪಿಷ್ಟವಿರುವ ಆಹಾರ ಕೊಟ್ಟು ನೋಡಿದರು. ಲಿವರ್‌ನಿಂದ ಹೊರಬರುವ ರಕ್ತದಲ್ಲಿ ಸಕ್ಕರೆ ಇತ್ತು. ಬೇರೆಯವರಾಗಿದ್ದರೆ ಅಲ್ಲಿಗೆ ಬರೆದು ಮುಗಿಸುತ್ತಿದ್ದರು. ಬರ್ನಾರ್ ಇನ್ನೊಂದು ನಾಯಿಗೆ ಬರೀ ಮಾಂಸ ಕೊಟ್ಟು ಅದನ್ನೇ ಮತ್ತೆ ಮಾಡಿದರು. ಅಲ್ಲಿ ಸಕ್ಕರೆ ಇರಬಾರದಿತ್ತು. ಆದರೆ ಇತ್ತು! ಮಾಂಸದಲ್ಲಿ ಸಕ್ಕರೆ ಇಲ್ಲ, ಕರುಳಿನಲ್ಲಿ ನೋಡಿದರೆ ಅಲ್ಲೂ ಇಲ್ಲ, ಆದರೂ ರಕ್ತದಲ್ಲಿದೆ.

ಇಲ್ಲಿ ಒಂದು ತೊಡಕು ಬಂತು. ಕರುಳಿನಿಂದ ಲಿವರ್‌ಗೆ ಹೋಗುವ ರಕ್ತನಾಳದಲ್ಲೂ ಸಕ್ಕರೆ ಕಂಡಿತು. ಸರಕು ಒಳಗೆ ಬರುವ ಬಾಗಿಲಲ್ಲೂ ಇದೆ, ಹೊರಗೆ ಹೋಗುವ ಬಾಗಿಲಲ್ಲೂ ಇದೆ ಎಂದರೆ ಗೋಡೌನ್‌ನಲ್ಲಿ ಏನು ತಯಾರಾಯಿತು ಎಂದು ಹೇಗೆ ಹೇಳುವುದು? ಆ ನಾಳದಲ್ಲಿ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಇಲ್ಲ ಎಂಬುದು ಬರ್ನಾರ್‌ಗೆ ಹೊಳೆಯಿತು. ಹೊಟ್ಟೆ ಕೊಯ್ದ ತಕ್ಷಣ ಲಿವರ್‌ನ ರಕ್ತವೇ ಹಿಂದಕ್ಕೆ ಬಂದು ಬೆರೆಯುತ್ತಿರಬಹುದು. ಮುಂದಿನ ಸಲ ಮೊದಲು ದಾರದಿಂದ ನಾಳವನ್ನು ಬಿಗಿಯಾಗಿ ಕಟ್ಟಿ ಆಮೇಲೆ ರಕ್ತ ತೆಗೆದರು. ಒಳಗೆ ಹೋಗುವ ರಕ್ತದಲ್ಲಿ ಸಕ್ಕರೆ ಇಲ್ಲ, ಹೊರಗೆ ಬರುವ ರಕ್ತದಲ್ಲಿ ಇದೆ. ಲೆಕ್ಕ ತಾಳೆಯಾಯಿತು. ಖರೀದಿ ಇಲ್ಲದೆ ಮಾರಾಟ ಆಗಿದೆ ಎಂದರೆ ಸರಕು ಅಲ್ಲೇ ತಯಾರಾಗಿರಬೇಕು.

ಎದುರಾಳಿಗಳು ಸುಲಭವಾಗಿ ಒಪ್ಪಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು. ಬರ್ನಾರ್ ಒಂದೇ ಲಿವರ್‌ನಲ್ಲಿ ಸಕ್ಕರೆಯನ್ನು ಎರಡೆರಡು ಸಲ ಅಳೆಯುತ್ತಿದ್ದರು. ಒಂದು ದಿನ ಪುರುಸೊತ್ತಿಲ್ಲದೆ ಎರಡನೆಯ ಅಳತೆಯನ್ನು ಮರುದಿನಕ್ಕೆ ಬಿಟ್ಟರು. ಮರುದಿನ ನೋಡಿದರೆ ಸಕ್ಕರೆ ಹಿಂದಿನ ದಿನಕ್ಕಿಂತ ಬಹಳ ಹೆಚ್ಚಾಗಿತ್ತು. ಅಳತೆ ತಪ್ಪಿದೆ ಎಂದು ಬಿಡಬಹುದಿತ್ತು. ಅವರು ಬಿಡಲಿಲ್ಲ. 1855ರಲ್ಲಿ ಆಗ ತಾನೇ ಸತ್ತ ಪ್ರಾಣಿಯ ಲಿವರ್ ತೆಗೆದು, ಅದರ ರಕ್ತನಾಳಗಳ ಮೂಲಕ ತಣ್ಣೀರು ಹರಿಸಿ, ಒಂದು ಚೂರೂ ಸಕ್ಕರೆ ಉಳಿಯದ ಹಾಗೆ ತೊಳೆದರು. ಹಾಗೇ ಬಿಟ್ಟು ಮರುದಿನ ಪರೀಕ್ಷಿಸಿದರು. ಲಿವರ್‌ನಲ್ಲಿ ಮತ್ತೆ ಧಾರಾಳ ಸಕ್ಕರೆ. ಹಾಗಾದರೆ ಲಿವರ್‌ನೊಳಗೆ ಸಕ್ಕರೆಯಾಗಿ ಬದಲಾಗುವ ಬೇರೆ ಏನೋ ದಾಸ್ತಾನು ಇದೆ. 1857ರಲ್ಲಿ ಅದನ್ನು ಬಿಳಿ ಪುಡಿಯಾಗಿ ಬೇರ್ಪಡಿಸಿ ತೋರಿಸಿದರು. ಅದೇ ಗ್ಲೈಕೋಜೆನ್.

ಬಕ್ರೀದ್ ದಿನ ಬಹಳ ಮನೆಗಳಲ್ಲಿ ಮೊದಲು ಬಾಣಲೆಗೆ ಬೀಳುವುದು ಕಲೇಜಿ. ಅದರ ರುಚಿಯಲ್ಲಿ ಮಾಂಸದಲ್ಲಿಲ್ಲದ ಒಂದು ಸಣ್ಣ ಸಿಹಿ ಇರುತ್ತದೆ, ಗಮನಿಸಿದ್ದೀರಾ? ಉರ್ದುವಿನಲ್ಲಿ ಧೈರ್ಯಕ್ಕೂ ಜಿಗರ್, ಮುದ್ದಿನ ಮಗುವಿಗೂ ಲಖ್ತೆ ಜಿಗರ್ ಎನ್ನುತ್ತೇವೆ. ಕನ್ನಡದಲ್ಲಿ ಆ ಜಾಗ ಕರುಳಿಗೆ ಸಿಕ್ಕಿದೆ, ಕರುಳಿನ ಕುಡಿ ಎನ್ನುತ್ತಾರೆ. ಬರ್ನಾರ್ ಪ್ರಯೋಗವನ್ನು ಓದಿದ ಮೇಲೆ ಜಿಗರ್‌ಗೆ ಕೊಟ್ಟ ಮರ್ಯಾದೆ ಸರಿಯಾಗಿದೆ ಎಂದೇ ನನಗೆ ಅನ್ನಿಸಿತು.

ಯಾಕೆಂದರೆ ಅದು ಮಾಡುವ ಕೆಲಸ ಅಷ್ಟು ದೊಡ್ಡದು. ನಮ್ಮ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ. ಮೆದುಳಿಗೆ ಮಾತ್ರವೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಚಿಲ್ಲರೆ ಅಂಗಡಿಯಲ್ಲಿ ಅಷ್ಟು ಕಡಿಮೆ ಸರಕು ಇದ್ದರೂ ವ್ಯಾಪಾರ ನಿಲ್ಲದಿರುವುದಕ್ಕೆ ಹಿಂದಿರುವ ಗೋಡೌನ್ ಕಾರಣ. ಲಿವರ್‌ನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಇರುತ್ತದೆ. ಊಟವಾದಾಗ ತುಂಬಿಕೊಳ್ಳುತ್ತದೆ, ಹಸಿದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ದಾಸ್ತಾನು ಇಳಿಯುತ್ತಾ ಬಂದ ಹಾಗೆ ಪ್ರೋಟೀನ್ ಮುಂತಾದವುಗಳಿಂದ ಹೊಸ ಸಕ್ಕರೆಯನ್ನೂ ತಯಾರಿಸುತ್ತದೆ. ರಂಜಾನ್‌ನಲ್ಲಿ ಸೆಹ್ರಿಯಿಂದ ಇಫ್ತಾರ್‌ವರೆಗೆ ಒಂದು ತುತ್ತೂ ಇಲ್ಲದೆ ಕ್ಲಾಸಿನಲ್ಲಿ ಕುಳಿತು ಅಕೌಂಟೆನ್ಸಿ ಲೆಕ್ಕ ಮಾಡುತ್ತೇವಲ್ಲ, ಆಗ ಮೆದುಳಿಗೆ ಸಕ್ಕರೆ ಕಳಿಸುತ್ತಾ ಇರುವುದು ಲಿವರ್.

ಇದಕ್ಕೂ ಮೊದಲೇ, 1849ರಲ್ಲಿ, ಬರ್ನಾರ್ ಮೊಲದ ಮೆದುಳಿನ ಬುಡದಲ್ಲಿ ಒಂದು ಜಾಗಕ್ಕೆ ಸೂಜಿಯಂಥ ಉಪಕರಣದಿಂದ ಚುಚ್ಚಿ ನೋಡಿದ್ದರು. ಸ್ವಲ್ಪ ಹೊತ್ತಿನಲ್ಲೇ ಮೊಲದ ಮೂತ್ರದಲ್ಲಿ ಸಕ್ಕರೆ ಬಂತು. ಇದರಿಂದ ಅವರು ಒಂದು ತೀರ್ಮಾನಕ್ಕೆ ಬಂದರು: ಸಕ್ಕರೆ ಕಾಯಿಲೆ ಎಂದರೆ ಲಿವರ್ ಹತೋಟಿ ತಪ್ಪಿ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ ಬಿಡುವುದು. ಹತೋಟಿ ಇರುವುದು ನರಗಳ ಕೈಯಲ್ಲಿ. ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಇದರಲ್ಲಿ ಪಾತ್ರಧಾರಿ ಎಂದು ಅವರಿಗೆ ಅನ್ನಿಸಲಿಲ್ಲ. ವಿಚಿತ್ರ ಏನೆಂದರೆ ಆ ಗ್ರಂಥಿ ಅವರಿಗೆ ಚೆನ್ನಾಗಿ ಪರಿಚಯ. ಅದರ ರಸ ಕೊಬ್ಬನ್ನು ಜೀರ್ಣ ಮಾಡುತ್ತದೆ ಎಂದು ಕಂಡುಹಿಡಿದವರೇ ಅವರು. ಆದರೆ ಅದರ ನಾಳವನ್ನು ಮುಚ್ಚಿದರೆ ಸಕ್ಕರೆ ಕಾಯಿಲೆ ಬರುವುದಿಲ್ಲ. ನಾಳಕ್ಕೆ ಸುರಿಸದೆ ನೇರ ರಕ್ತಕ್ಕೇ ಏನನ್ನೋ ಬಿಡುವ ಇನ್ನೊಂದು ಕಸುಬು ಆ ಗ್ರಂಥಿಗೆ ಇದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಹೆಸರು ಬರತೊಡಗಿತು. 1854ರಲ್ಲಿ ಸೋರ್ಬಾನ್‌ನಲ್ಲಿ ಪ್ರಾಧ್ಯಾಪಕ ಪೀಠ, ವಿಜ್ಞಾನ ಅಕಾಡೆಮಿಯ ಸದಸ್ಯತ್ವ. ಮರುವರ್ಷ ಗುರು ಮಾಜಾಂದಿ ತೀರಿಕೊಂಡಾಗ ಅವರ ಸ್ಥಾನ. ಆದರೂ ಪ್ರಯೋಗಶಾಲೆ ಎಂದರೆ ತೇವ ಹಿಡಿದ ಕತ್ತಲೆ ಕೋಣೆ. ಆರೋಗ್ಯ ಕೆಟ್ಟಿತು. 1860ರ ನಂತರ ತಿಂಗಳುಗಟ್ಟಲೆ ಸೇಂಟ್ ಜೂಲಿಯನ್‌ನ ತೋಟದ ಮನೆಯಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. ಪ್ರಯೋಗ ಹೇಗೆ ಮಾಡಬೇಕು, ತನ್ನ ಊಹೆಯನ್ನೇ ಹೇಗೆ ಅನುಮಾನಿಸಬೇಕು ಎಂದು ಹೇಳುವ ಅವರ ಪ್ರಸಿದ್ಧ ಪುಸ್ತಕ 1865ರಲ್ಲಿ ಹೊರಬಂದದ್ದು ಈ ಕಾಯಿಲೆಯ ದಿನಗಳಲ್ಲೇ. 1866ರಲ್ಲಿ ಲೂಯಿ ಪಾಸ್ಚರ್ ಪತ್ರಿಕೆಯಲ್ಲಿ ಬರ್ನಾರ್ ಕೆಲಸದ ಬಗ್ಗೆ ಲೇಖನ ಬರೆದು ಅವರಿಗೆ ಧೈರ್ಯ ತುಂಬಿದರು.

ಹೊರಗೆ ಚಳಿಯಿರಲಿ ಬಿಸಿಲಿರಲಿ, ಹೊಟ್ಟೆ ತುಂಬಿರಲಿ ಖಾಲಿಯಿರಲಿ, ದೇಹ ತನ್ನ ಒಳಗಿನ ಪರಿಸರವನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು ಬರ್ನಾರ್ ಕೊಟ್ಟ ಇನ್ನೊಂದು ದೊಡ್ಡ ವಿಚಾರ. ಲಿವರ್‌ನ ಸಕ್ಕರೆ ಅದಕ್ಕೆ ಒಳ್ಳೆಯ ಉದಾಹರಣೆ. ಸ್ವಂತ ಮನೆಯ ಪರಿಸರ ಮಾತ್ರ ಹದದಲ್ಲಿ ಉಳಿಯಲಿಲ್ಲ. ಗಂಡುಮಕ್ಕಳು ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದರು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಪ್ರಾಣಿಹಿಂಸೆಯ ವಿರುದ್ಧ ನಿಂತರು. ಕೊನೆಗೆ ಗಂಡಹೆಂಡತಿ ಬೇರೆಯಾದರು. ಅದೇ ಸುಮಾರಿಗೆ ಹೊರಗೆ ಮರ್ಯಾದೆಗಳ ಸುರಿಮಳೆ: ಚಕ್ರವರ್ತಿ ಮೂರನೆಯ ನೆಪೋಲಿಯನ್‌ನ ಕೃಪೆಯಿಂದ ಒಳ್ಳೆಯ ಪ್ರಯೋಗಶಾಲೆ, 1868ರಲ್ಲಿ ಫ್ರೆಂಚ್ ಅಕಾಡೆಮಿ, 1869ರಲ್ಲಿ ಸೆನೆಟ್ ಸದಸ್ಯತ್ವ. 1878ರ ಫೆಬ್ರವರಿ 10ರಂದು ಬರ್ನಾರ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಫ್ರಾನ್ಸಿನಲ್ಲಿ ಒಬ್ಬ ವಿಜ್ಞಾನಿಗೆ ಸರ್ಕಾರಿ ಗೌರವದ ಅಂತ್ಯಸಂಸ್ಕಾರ ಆದದ್ದು ಅದೇ ಮೊದಲು.

ಅವರು ಸತ್ತು 11 ವರ್ಷಕ್ಕೆ, 1889ರಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ಇಬ್ಬರು ನಾಯಿಯ ಪ್ಯಾಂಕ್ರಿಯಾಸ್ ಅನ್ನು ಪೂರ್ತಿ ತೆಗೆದರು. ನಾಯಿಗೆ ಸಕ್ಕರೆ ಕಾಯಿಲೆ ಬಂತು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. ಸಾಯುತ್ತಿದ್ದ ಮಕ್ಕಳು ಬದುಕಿದರು. ಆಮೇಲೆ ಎಲ್ಲರ ಕಣ್ಣು ಪ್ಯಾಂಕ್ರಿಯಾಸ್ ಮೇಲೆ. ಲಿವರ್ ಹತೋಟಿ ತಪ್ಪುವುದೇ ಸಕ್ಕರೆ ಕಾಯಿಲೆ ಎಂಬ ಬರ್ನಾರ್ ಮಾತು ಹಳೆಯದಾಯಿತು.

ಆದರೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಇಲ್ಲದೆ ಇಲ್ಲ. ಶುರುವಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಅದರ ಮಾತು ನಡೆಯುವುದಿಲ್ಲ. ಇದಕ್ಕೇ ಇನ್ಸುಲಿನ್ ಪ್ರತಿರೋಧ ಎನ್ನುವುದು. ಊಟವಾದ ಮೇಲೆ ಇನ್ಸುಲಿನ್ ಲಿವರ್‌ಗೆ ಎರಡು ಹುಕುಂ ಕೊಡುತ್ತದೆ. ಒಂದು, ಹೊರಗಿನಿಂದ ಸಕ್ಕರೆ ಬಂದಿದೆ, ನೀನು ಬಿಡುವುದನ್ನು ನಿಲ್ಲಿಸು. ಎರಡು, ಬಂದದ್ದನ್ನು ದಾಸ್ತಾನು ಮಾಡು, ಗ್ಲೈಕೋಜೆನ್ ತುಂಬಿದ ಮೇಲೂ ಮಿಕ್ಕಿದ್ದನ್ನು ಕೊಬ್ಬಾಗಿ ಮಾಡು. ಮಾತು ಕೇಳದ ಲಿವರ್ ಎರಡನ್ನೂ ಕೇಳದೆ ಇದ್ದಿದ್ದರೆ ಲೆಕ್ಕ ಸರಳವಾಗಿರುತ್ತಿತ್ತು. ಅದು ಮೊದಲನೆಯ ಹುಕುಂ ಮಾತ್ರ ಬಿಡುತ್ತದೆ, ಎರಡನೆಯದನ್ನು ಪಾಲಿಸುತ್ತಲೇ ಇರುತ್ತದೆ. ಸಕ್ಕರೆಯನ್ನೂ ಸುರಿಯುತ್ತದೆ, ಕೊಬ್ಬನ್ನೂ ತಯಾರಿಸುತ್ತದೆ. ರಕ್ತದಲ್ಲಿ ಸಕ್ಕರೆ ಇಳಿಯದಿದ್ದಾಗ ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ. ಅದರಿಂದ ಸಕ್ಕರೆ ಸಾಕಷ್ಟು ಇಳಿಯುವುದಿಲ್ಲ, ಕೊಬ್ಬಿನ ಕಾರ್ಖಾನೆ ಮಾತ್ರ ಎರಡು ಶಿಫ್ಟ್ ನಡೆಯುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬಿನಿಂದ ಸೋರಿ ಬರುವುದೂ ಲಿವರ್‌ಗೇ ಸೇರುತ್ತದೆ. ಒಂದಷ್ಟು ಅಲ್ಲೇ ತುಂಬಿ ಫ್ಯಾಟಿ ಲಿವರ್, ಒಂದಷ್ಟು ರಕ್ತಕ್ಕೆ ಹೋಗಿ ಟ್ರೈಗ್ಲಿಸರೈಡ್. ಲ್ಯಾಬ್ ರಿಪೋರ್ಟಿನಲ್ಲಿ ಶುಗರ್ ಮತ್ತು ಟ್ರೈಗ್ಲಿಸರೈಡ್ ಜೋಡಿಯಾಗಿ ಏರುವುದಕ್ಕೆ ಇದು ಒಂದು ಮುಖ್ಯ ಕಾರಣ. ಬಿರಿಯಾನಿಯ ಎಣ್ಣೆಯೊಂದನ್ನೇ ಬೈದು ಪ್ರಯೋಜನವಿಲ್ಲ, ಶರಬತ್ತಿನ ಸಕ್ಕರೆಯೂ ಲಿವರ್‌ನಲ್ಲಿ ಕೊಬ್ಬಾಗುತ್ತದೆ.

ಇದಕ್ಕೆ ಸಾಕ್ಷಿ ಇಲಿಗಳಿಂದ ಸಿಕ್ಕಿತು. ಲಿವರ್‌ನಲ್ಲಿ ಇನ್ಸುಲಿನ್‌ನ ಮಾತು ಕೇಳಿಸಿಕೊಳ್ಳುವ ಗ್ರಾಹಕಗಳೇ ಇಲ್ಲದ ಇಲಿಗಳನ್ನು ಬೆಳೆಸಿದಾಗ ಅವುಗಳ ಸಕ್ಕರೆ ಏರಿತು, ಆದರೆ ಟ್ರೈಗ್ಲಿಸರೈಡ್ ಏರಲಿಲ್ಲ. ಪೂರ್ತಿ ಕಿವುಡಾದ ಲಿವರ್ ಬೇರೆ, ಅರ್ಧ ಕಿವುಡಾದ ಲಿವರ್ ಬೇರೆ. ಕೊಲೆಸ್ಟ್ರಾಲ್ ಸಂಶೋಧನೆಗೆ 1985ರಲ್ಲಿ ನೊಬೆಲ್ ಪಡೆದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 2008ರಲ್ಲಿ ಈ ಒಗಟನ್ನು ಬಿಡಿಸಿ ಬರೆದರು. ಒಂದು ಹುಕುಂ ತಪ್ಪಿ ಇನ್ನೊಂದು ಉಳಿಯುವುದು ಯಾಕೆ ಎಂಬ ಹುಡುಕಾಟ ಇನ್ನೂ ನಡೆದಿದೆ.

ರಾತ್ರಿಯೆಲ್ಲ ಲಿವರ್ ಮಿತಿಮೀರಿ ಸಕ್ಕರೆ ಬಿಡುವುದರಿಂದಲೇ ಬೆಳಗಿನ ರೀಡಿಂಗ್ ಏರುತ್ತದೆ ಎಂದು ಈಗ ವೈದ್ಯರು ಹೇಳುತ್ತಾರೆ. ಬರ್ನಾರ್‌ಗೆ ಇನ್ಸುಲಿನ್ ಗೊತ್ತಿರಲಿಲ್ಲ, ನರಗಳ ಮೇಲೆ ಹೆಚ್ಚು ಭಾರ ಹಾಕಿದರು. ಆದರೂ ಸಕ್ಕರೆ ಸೋರುತ್ತಿರುವ ಜಾಗವನ್ನು ಸರಿಯಾಗಿಯೇ ತೋರಿಸಿದ್ದರು. ಗ್ಲೈಕೋಜೆನ್ ಬೇರ್ಪಡಿಸಿ ಸರಿಯಾಗಿ 100 ವರ್ಷಕ್ಕೆ, 1957ರಲ್ಲಿ, ಅದೇ ಪ್ಯಾರಿಸ್‌ನಲ್ಲಿ ಜ್ಯಾಂ ಸ್ಟೆರ್ನ್ ಎಂಬ ವೈದ್ಯರು ಮೆಟ್‌ಫಾರ್ಮಿನ್ ಎಂಬ ಔಷಧಿಯನ್ನು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ನಮ್ಮ ದಾದಿಯ ಡಬ್ಬಿಯಲ್ಲಿರುವ, ಎಷ್ಟೋ ಮನೆಗಳ ಫ್ರಿಜ್ ಮೇಲೆ ಇರುವ ಬಿಳಿ ಮಾತ್ರೆ ಅದೇ. ಅದರ ಮುಖ್ಯ ಕೆಲಸ, ಲಿವರ್ ಸಕ್ಕರೆ ಬಿಡುವುದನ್ನು ಕಡಿಮೆ ಮಾಡುವುದು.